ಹಿರಿಯರು ಮುಂದೆ ಬರಲಿ

ಅಯ್ಯನವರ ಹೆಂಡತಿ ಹೊಲಿದ ಪರದೆಗಳನ್ನು ಮಗುಚಿ ನೋಡಿದರೆ ಆ ಸಂಸಾರದ ಕಥೆಯೆಲ್ಲ ಹೊಲಿಗೆಯಲ್ಲೇ ಸಿಕ್ಕುತ್ತಿತ್ತು. ಬಟ್ಟೆ ಮದುವೆಯ ವರ್ಷ ತವರಿನಿಂದ ತಂದದ್ದು, ಹಸಿರು, ಗಟ್ಟಿ. ಮೊದಲ ಚರ್ಚಿನ ಮನೆಯಲ್ಲಿ ಕಿಟಕಿ ಉದ್ದ, ಎರಡನೆಯದರಲ್ಲಿ ಗಿಡ್ಡ, ಮೂರನೆಯದರಲ್ಲಿ ಅಗಲ. ಗಿಡ್ಡಕ್ಕೆ ಮಡಿಚಿ ಹೊಲಿದಳು. ಅಗಲಕ್ಕೆ ತುಂಡು ಜೋಡಿಸಿದಳು. ಮತ್ತೆ ಉದ್ದದ ಕಿಟಕಿ ಬಂದಾಗ ಮಡಿಕೆ ಬಿಚ್ಚಿದಳು, ಬಿಚ್ಚಿದ ಕಡೆ ಬಣ್ಣವೇ ಬೇರೆಯಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಏಳು ಚರ್ಚು, ಏಳು ಮನೆ. ಪ್ರತಿ ಸಲ ಗಂಟುಮೂಟೆ ಕಟ್ಟುವಾಗಲೂ ಕಾರಣ ಒಂದೇ. ಚರ್ಚಿನ ಪಾದ್ರಿಗಳಾದ ಅಯ್ಯನವರು ತುಂಬಾ ಒಳ್ಳೆಯವರು.

ಅವರ ಒಳ್ಳೆಯತನ ಅಂತಿಂಥದಲ್ಲ. ಬಾಗಿಲಿಗೆ ಭುಜ ತಾಗಿದರೆ ಬಾಗಿಲಿಗೇ "ಕ್ಷಮಿಸಿ" ಎನ್ನುವ ಮನುಷ್ಯ. ಒಂದು ಚರ್ಚಿನಲ್ಲಿ ಬಿಷಪ್ಪರು ಬಂದಾಗ ಅವರ ಡ್ರೈವರನ್ನು ಬಿಷಪ್ಪರ ಪಕ್ಕದಲ್ಲೇ ಊಟಕ್ಕೆ ಕೂರಿಸಿದರು, ಬಿಷಪ್ಪರ ಹೆಂಡತಿಗೆ ಕುರ್ಚಿಯೇ ಇಲ್ಲದೆ ಹೋಯಿತು. ಇನ್ನೊಂದು ಕಡೆ ಕಮಿಟಿಯ ಮಾತು ನಡೆಯುತ್ತಿರುವಾಗಲೇ ಎದ್ದುಹೋಗಿ ಕಕ್ಕಸಿನ ಕೊಳಾಯಿ ಸರಿಮಾಡಲು ಕೂತರು. ಕೈ ತೊಳೆದು ಬರುವಷ್ಟರಲ್ಲಿ ಅವರ ವರ್ಗಾವಣೆ ತೀರ್ಮಾನವಾಗಿತ್ತು. ಊರಲ್ಲಿ ಎಲ್ಲರಿಗೂ ಅವರದು "ನೀವು". ಹಾಲಿನವನಿಗೂ ನೀವು, ಮೋರಿ ಬಳಿಯುವವನಿಗೂ ನೀವು. ಬೀದಿನಾಯಿ ಅಡ್ಡ ಮಲಗಿದ್ದರೆ, "ಸ್ವಲ್ಪ ದಾರಿ ಬಿಡಿ." ಹೆಂಡತಿಗೆ ಮಾತ್ರ, "ಏ, ಇನ್ನು ನಾಲ್ಕು ಲೋಟ ಟೀ ಹಾಕು."

ಆಕೆ ಟೀ ಹಾಕುತ್ತಿದ್ದಳು. ಹಾಕುತ್ತಲೇ ಒಲೆಗೆ ಬೈಯುತ್ತಿದ್ದಳು. ಬೇರೆ ಯಾರಿಗೆ ಬೈಯುವುದು? ಗಂಡನಿಗೆ ಬೈದರೆ ಆ ಮನುಷ್ಯ "ನೀನು ಹೇಳೋದು ಸರಿ" ಅಂದುಬಿಡುತ್ತಿದ್ದರು. ಸರಿ ಅಂದವರ ಜೊತೆ ಜಗಳ ಎಷ್ಟು ದೂರ ಹೋದೀತು!

ಈ ಏಳನೆಯ ಮನೆ ಆಕೆಗೆ ಹಿಡಿಸಿತ್ತು. ಅಡುಗೆಮನೆಗೆ ಬೆಳಗಿನ ಬೆಳಕು ಬೀಳುತ್ತಿತ್ತು, ನಲ್ಲಿ ಒಳಗೇ ಇತ್ತು. ಹಿಂದಿನ ಕೋಣೆಯಲ್ಲಿ ವಾರಕ್ಕೆ ಮೂರು ದಿನ ಒಂಬತ್ತು ಹೆಂಗಸರು ಹೊಲಿಗೆ ಕಲಿಯಲು ಬರುತ್ತಿದ್ದರು. ಅವರಲ್ಲಿ ಇಬ್ಬರು ಅಂಗಿಗೆ ಕಾಲರ್ ಕೂರಿಸುವಷ್ಟು ಪಳಗಿದ್ದರು. ಮಂಡಿ ಹಿಡಿದುಕೊಳ್ಳುವ ವಯಸ್ಸಾಯಿತು, ಇನ್ನು ಆ ಪರದೆಗಳಿಗೆ ಎಂಟನೆಯ ಸಲ ಕತ್ತರಿ ಹಾಕುವುದಿಲ್ಲ ಎಂದು ಆಕೆ ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದಳು. ಆದರೆ ಈ ಚರ್ಚಿನ ಮೂರು ವರ್ಷದ ಅವಧಿ ಆ ವರ್ಷಕ್ಕೆ ಮುಗಿಯುತ್ತಿತ್ತು. ಇರುವುದೋ ಹೊರಡುವುದೋ ಎನ್ನುವುದು ಬಿಷಪ್ಪರ ಕೈಯಲ್ಲಿ. ಬಿಷಪ್ಪರು ನೋಡುವುದು ಚರ್ಚಿನ ಮೊದಲ ಹಿರಿಯರು ಬರೆಯುವ ಕಾಗದವನ್ನು.

ಆ ಮೊದಲ ಹಿರಿಯರನ್ನು ಜನ ಬೆನ್ನಹಿಂದೆ ಕೋಟಣ್ಣ ಎನ್ನುತ್ತಿದ್ದರು. ಬೆವರು ಧಾರೆಯಾಗಿ ಇಳಿಯುತ್ತಿದ್ದರೂ ಭಾನುವಾರ ಕೋಟು ಬಿಚ್ಚಿದವನಲ್ಲ. ದೊಡ್ಡ ರಸ್ತೆಯಲ್ಲಿ ಬಾಗಿಲು, ಕಿಟಕಿ, ಬೆಂಚು ಮಾಡುವ ಮರದ ಕಾರ್ಖಾನೆ ಇತ್ತು. ಚರ್ಚಿನ ಬೆಂಚುಗಳೆಲ್ಲ ಅವನದೇ ಕೆಲಸ. ಆಲಯ ಕಟ್ಟಿದ ದಿನವನ್ನು ವರ್ಷಕ್ಕೊಮ್ಮೆ ನೆನೆಯುವ ಆರಾಧನೆಯಲ್ಲಿ ದೊಡ್ಡ ಪ್ರಾರ್ಥನೆ ಮಾಡುವುದು ಅವನೇ.

"ಈ ವರ್ಷ ಒಂದು ಮೂರು ತಿಂಗಳು ಬಾಯಿಗೆ ಹೊಲಿಗೆ ಹಾಕ್ಕೊಂಡಿರಿ. ಯಾರಿಗೂ ಒಳ್ಳೇದು ಮಾಡೋಕೆ ಹೋಗ್ಬೇಡಿ," ಎಂದು ಆಕೆ ಗಂಡನಿಗೆ ಕೈಮುಗಿದು ಹೇಳಿದ್ದಳು.

"ಆಗಲಿ," ಎಂದಿದ್ದರು ಅಯ್ಯನವರು.

ಆಲಯಕ್ಕೆ ಐವತ್ತು ತುಂಬುವ ಭಾನುವಾರ ಬಂತು. ಹಿಂದಿನ ದಿನ ಅಯ್ಯನವರು ಚರ್ಚು ಗುಡಿಸುವ ಅಜ್ಜಿಯ ಹತ್ತಿರ ಹೋಗಿ, ನಾಳೆ ದೊಡ್ಡ ಪ್ರಾರ್ಥನೆ ನೀವೇ ಮಾಡಬೇಕು ಎಂದರು. ಹುಡುಗಿಯಾಗಿದ್ದಾಗ ಅಜ್ಜಿ ಆ ಗೋಡೆಗಳಿಗೆ ಇಟ್ಟಿಗೆ ಹೊತ್ತವಳು. "ಅಯ್ಯೋ ಬೇಡಿ ಅಯ್ಯನವರೇ, ನಂಗೆ ಮೈಕ್ ಅಂದ್ರೆ ಭಯ," ಎಂದಳು ಅಜ್ಜಿ. "ಭಯಪಡಬೇಡಿ, ನಾನಿರ್ತೀನಿ," ಎಂದರು ಅಯ್ಯನವರು. ಇದನ್ನು ಕೋಟಣ್ಣನಿಗೆ ಹೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಚರ್ಚಿನಲ್ಲಿ ಹಿರಿಯರು ಎಂದರೆ ಎರಡು ಅರ್ಥ. ವಯಸ್ಸಾದವರೂ ಹಿರಿಯರು, ಕಮಿಟಿಗೆ ಆರಿಸಿ ಬಂದವರೂ ಹಿರಿಯರು. ಒಬ್ಬರಿದ್ದರೂ ಅದೇ ಮಾತು, ಹತ್ತು ಜನರಿದ್ದರೂ ಅದೇ ಮಾತು. ಗಂಡಸಿಗೂ ಅದೇ, ಹೆಂಗಸಿಗೂ ಅದೇ. ಅಷ್ಟು ಓದಿದ ಅಯ್ಯನವರಿಗೆ ಇದು ಹೊಳೆಯಲಿಲ್ಲವಲ್ಲ!

"ಈಗ ನಮ್ಮ ಹಿರಿಯರು ಮುಂದೆ ಬರಲಿ," ಎಂದರು ಮೈಕಿನಲ್ಲಿ. "ಈ ಆಲಯಕ್ಕೆ ಅವರಷ್ಟು ಬೆವರು ಸುರಿಸಿದವರು ಇನ್ನೊಬ್ಬರಿಲ್ಲ."

ಮೊದಲ ಸಾಲಿನಲ್ಲಿ ಕೋಟಣ್ಣ ಎದ್ದ. ಗುಂಡಿ ಹಾಕಿಕೊಂಡ, ಗಂಟಲು ಸರಿಮಾಡಿಕೊಂಡ, ನಿಧಾನವಾಗಿ ಮೆಟ್ಟಿಲು ಹತ್ತಿದ. ಹಿಂದಿನ ಬಾಗಿಲ ಕಡೆಯಿಂದ ಅಜ್ಜಿಯೂ ಸೆರಗು ಹೊದ್ದುಕೊಂಡು ನಡುಗುತ್ತಾ ಬಂದಳು. ಇಬ್ಬರೂ ಮೈಕಿನ ಹತ್ತಿರ ಎದುರುಬದುರಾದರು. ಎಂಟನೆಯ ಸಾಲಿನಲ್ಲಿದ್ದ ಅಯ್ಯನವರ ಹೆಂಡತಿಗೆ ಜೀವ ಬಾಯಿಗೆ ಬಂತು. ಈಗ ಸುಮ್ಮನಿರಿ, ಇಬ್ಬರೂ ಮಾಡಲಿ ಅನ್ನಿ, ಕಣ್ಣು ಮುಚ್ಚಿಕೊಳ್ಳಿ, ಏನಾದರೂ ಮಾಡಿ, ಬಾಯಿ ಮಾತ್ರ ತೆರೆಯಬೇಡಿ ಎಂದು ಆಕೆ ಅಲ್ಲಿಂದಲೇ ಕಣ್ಣಲ್ಲಿ ಬೇಡಿಕೊಂಡಳು.

ಅಯ್ಯನವರು ಬಾಯಿ ತೆರೆದರು. "ಹಿರಿಯರೇ, ನೀವಲ್ಲ. ಅಂದ್ರೆ ನೀವು ಹಿರಿಯರೇ. ಆದ್ರೆ ನಾನು ಹೇಳಿದ ಹಿರಿಯರು ನೀವಲ್ಲ, ಇವರು."

ಮೈಕು ಆ ಮಾತನ್ನು ಮೂಲೆಮೂಲೆಗೂ ಮುಟ್ಟಿಸಿತು. ಹಾಡುವವರ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಒಬ್ಬರು ನಕ್ಕಮೇಲೆ ತಡೆಯುವವರು ಯಾರು? ಕೋಟಣ್ಣ ಮೆಟ್ಟಿಲಿಳಿದ. ತನ್ನ ಸಾಲು ದಾಟಿದ, ಬಾಗಿಲು ದಾಟಿದ, ಗೇಟೂ ದಾಟಿದ. ಅಜ್ಜಿ, "ದೇವರೇ, ಎಲ್ಲರನ್ನೂ ಕಾಪಾಡು, ಆಮೆನ್," ಎಂದಷ್ಟೇ ಹೇಳಿ ಬಂದ ದಾರಿಯಲ್ಲೇ ಓಡಿದಳು.

ಮನೆಗೆ ಬಂದ ಮೇಲೆ ಅಯ್ಯನವರ ಹೆಂಡತಿ ಚಪ್ಪಲಿಯನ್ನೂ ಬಿಡಲಿಲ್ಲ.

"ಶನಿವಾರವೇ ಆ ಮನುಷ್ಯನಿಗೆ ಒಂದು ಮಾತು ಹೇಳೋಕಾಗ್ಲಿಲ್ವೇನ್ರೀ?"

"ಹೇಳಿದ್ರೆ ಬೇಡ ಅಂತಿದ್ರು."

"ಅದಕ್ಕೆ ನೂರೈವತ್ತು ಜನರ ಮುಂದೆ ಹೇಳಿದ್ರಾ?"

"ನಾನು ಮಾಡಿದ್ದು ತಪ್ಪಾ? ಬಡ ಮುದುಕಿಗೆ ಮರ್ಯಾದೆ ಕೊಟ್ಟೆ."

"ಕೊಟ್ರಿ. ಇನ್ನೊಬ್ಬರ ಜೇಬಿಂದ ತೆಗೆದು ಕೊಟ್ರಿ. ಹೋಗಿ ಕ್ಷಮೆ ಕೇಳಿ ಬನ್ನಿ."

ಆಗ ನಡೆದದ್ದು ಇಪ್ಪತ್ತಾರು ವರ್ಷದಲ್ಲಿ ಎಂದೂ ನಡೆಯದ್ದು. ಬಾಗಿಲಿಗೆ ಕ್ಷಮೆ ಕೇಳುವ ಅಯ್ಯನವರು ಬೆನ್ನು ನೆಟ್ಟಗೆ ಮಾಡಿಕೊಂಡು, "ಇಲ್ಲ," ಎಂದರು. "ಅದು ಅವರ ಅಹಂಕಾರ. ಅಹಂಕಾರದ ಮುಂದೆ ನಾನು ಬಗ್ಗೋದಿಲ್ಲ."

ಆಕೆ ಹಣೆ ಚಚ್ಚಿಕೊಂಡಳು. ಬಗ್ಗದೇ ಇರುವುದಕ್ಕೆ ಈ ಮಹಾರಾಯರಿಗೆ ಇದೇ ವಾರ ಬೇಕಿತ್ತೇ?

ಸೋಮವಾರ ಅಜ್ಜಿಯನ್ನಾದರೂ ಸಮಾಧಾನ ಮಾಡೋಣವೆಂದು ಚರ್ಚಿಗೆ ಹೋದಳು. ಅಜ್ಜಿ ಬೆಂಚುಗಳ ಮಧ್ಯೆ ನಡು ಬಗ್ಗಿಸಿ ಗುಡಿಸುತ್ತಿದ್ದಳು.

"ನಿಮ್ಮ ಯಜಮಾನ್ರಿಗೆ ಹೇಳಿ ಅಮ್ಮನವರೇ. ನಾನು ಬೇಡ ಅಂದೆ. ಕೇಳಿದ್ರಾ? ಈಗ ಆ ದೊಡ್ಡ ಮನುಷ್ಯನ ಮುಖ ನಾನು ಹೇಗೆ ನೋಡ್ಲಿ? ದಿನಾ ಅವರ ಕಾರ್ಖಾನೆ ಮುಂದೇನೇ ಹೋಗ್ಬೇಕು."

"ನಿಮಗೆ ಒಳ್ಳೇದಾಗ್ಲಿ ಅಂತ ಅಜ್ಜಿ, ಅವರು..."

"ನಂಗೆ ಒಳ್ಳೇದು ಮಾಡ್ಬೇಕು ಅಂದ್ರೆ ಒಂದು ಉದ್ದ ಹಿಡಿ ಇರೋ ಪೊರಕೆ ಕೊಡ್ಸಿ. ಎರಡು ವರ್ಷದಿಂದ ಕೇಳ್ತಿದ್ದೀನಿ. ಪ್ರತಿ ಸಲಾನೂ ಅಯ್ಯನವರು ಅಯ್ಯೋ ಪಾಪ, ತನ್ನಿ ಅಂತ ನನ್ನ ಕೈಯಿಂದ ಪೊರಕೆ ಕಿತ್ಕೊಂಡು ತಾವೇ ಅರ್ಧ ಗುಡಿಸ್ತಾರೆ. ಅವರು ಗುಡಿಸಿದ್ದನ್ನ ನಾನು ಮತ್ತೆ ಗುಡಿಸ್ಬೇಕು."

ಅಯ್ಯನವರ ಹೆಂಡತಿಗೆ ನಗು ಬಂತು, ಅದರ ಹಿಂದೆಯೇ ಮೈ ಉರಿಯಿತು. ಅವತ್ತೇ ಪೇಟೆಗೆ ಹೋಗಿ ಪೊರಕೆ ತಂದುಕೊಟ್ಟಳು.

ಗುರುವಾರ ತಾನೇ ಕೋಟಣ್ಣನ ಮನೆಯ ಬಾಗಿಲು ತಟ್ಟಿದಳು. ಕೋಟಣ್ಣ ಕೆಲಸದ ಮೇಲಿದ್ದ. ಬಾಗಿಲು ತೆರೆದವಳು ಅವನ ಹೆಂಡತಿ. ಕೈಯಲ್ಲಿ ಪೆನ್ನಿತ್ತು, ಕೈತುಂಬಾ ಶಾಯಿ, ಮುಖದ ತುಂಬಾ ಸಿಡುಕು.

"ಬನ್ನಿ ಅಮ್ಮನವರೇ. ನಿಮ್ಮ ವಿಷಯಾನೇ ಬರೀತಿದ್ದೆ."

ಮೇಜಿನ ಮೇಲೆ ಬಿಷಪ್ಪರಿಗೆ ಬರೆದ ಕಾಗದವಿತ್ತು. 'ಈ ಪಾದ್ರಿಗಳನ್ನು ಕೂಡಲೇ ಬೇರೆ ಕಡೆಗೆ' ಎನ್ನುವಲ್ಲಿಗೆ ನಿಂತಿತ್ತು.

"ಕಾಗದ ಹಿರಿಯರು ಬರೀಬೇಕಲ್ವಾ? ಇದು ನಿಮ್ಮ ಅಕ್ಷರ ಅಲ್ವಾ ಅಕ್ಕಾ?"

ಕೋಟಣ್ಣನ ಹೆಂಡತಿ ಬಾಗಿಲ ಕಡೆ ನೋಡಿದಳು. ಪೆನ್ನು ಮುಚ್ಚಿದಳು. ಆಮೇಲೆ, ಎಷ್ಟೋ ವರ್ಷದಿಂದ ಯಾರಿಗಾದರೂ ಹೇಳಿದರೆ ಸಾಕು ಎಂದು ಕಾದಿದ್ದವಳ ಹಾಗೆ ಹೇಳಿದಳು. "ಅವರಿಗೆ ಓದೋಕೆ ಬರೋಲ್ಲ. ಸಹಿ ಒಂದು ಬರುತ್ತೆ. ಹಾಡಿನ ಪುಸ್ತಕ ತೆರೆದು ಹಿಡ್ಕೋತಾರಲ್ಲ, ಪಕ್ಕದವರು ಹಾಳೆ ತಿರುವಿದಾಗ ಇವರೂ ತಿರುವ್ತಾರೆ. ಆ ದೊಡ್ಡ ಪ್ರಾರ್ಥನೇನ ಪ್ರತಿ ವರ್ಷ ನಾನು ಬರೆದು ಓದಿ ಹೇಳ್ಬೇಕು, ಅವರು ಹತ್ತು ದಿನ ಕೂತು ಬಾಯಿಪಾಠ ಮಾಡ್ಬೇಕು. ಸ್ನಾನದ ಮನೇಲೂ ಅದೇ, ಊಟದಲ್ಲೂ ಅದೇ. ನಂಗಂತೂ ತಲೆ ಚಿಟ್ಟು ಹಿಡಿದುಹೋಗುತ್ತೆ. ವರ್ಷಕ್ಕೆ ಒಂದು ದಿನ, ಆ ಹತ್ತು ನಿಮಿಷ, ಓದಿದವರ ಸಮಕ್ಕೆ ನಿಂತ್ಕೋತಾರೆ. ಅದನ್ನೇ ನಿಮ್ಮವರು ಕಿತ್ಕೊಂಡ್ರು."

ಅಯ್ಯನವರ ಹೆಂಡತಿ ಮೇಜಿನ ಮೇಲಿದ್ದ ಆ ಕಾಗದವನ್ನು ಮಗುಚಿಟ್ಟಳು.

"ಇದನ್ನ ನಿಮ್ಮ ಯಜಮಾನ್ರಿಗೆ ಹೇಳಿಬಿಟ್ಟೀರಿ, ತಂಗಿ! ಹೇಳಿದ್ರೆ ಅವರು ನಾಳೇನೇ ಸ್ಲೇಟು ಬಳಪ ಹಿಡ್ಕೊಂಡು ಅಕ್ಷರ ಕಲಿಸೋಕೆ ಬಂದ್ಬಿಡ್ತಾರೆ. ಇವರು ನೇಣು ಹಾಕ್ಕೋತಾರೆ."

"ಬರ್ತಾರೆ, ಖಂಡಿತ ಬರ್ತಾರೆ," ಎಂದಳು ಆಕೆ ನಿಟ್ಟುಸಿರು ಬಿಟ್ಟು. "ನಾನು ಹೇಳೋಲ್ಲ, ಆಣೆ."

"ನಿಮ್ಮವರು ಬಗ್ಗೀ ಬಗ್ಗೀ ಕೆಡಿಸ್ತಾರೆ, ನಮ್ಮವರು ನೆಟ್ಟಗೆ ನಿಂತು ಕೆಡಿಸ್ತಾರೆ. ಮಧ್ಯೆ ನಾವಿಬ್ಬರು. ಸೋಮವಾರದವರೆಗೂ ಶಾಯಿ ಇಲ್ಲ ಅಂತೀನಿ. ಅಷ್ಟರೊಳಗೆ ಏನಾದ್ರೂ ಮಾಡಿ. ಅದಕ್ಕಿಂತ ಹೆಚ್ಚು ನನ್ನ ಕೈಲಾಗೋಲ್ಲ."

ಹೋಗುವಾಗ ಇದ್ದ ಕಷ್ಟಕ್ಕಿಂತ ಬರುವಾಗಿನ ಕಷ್ಟ ದೊಡ್ಡದಾಯಿತು. ಕಾರಣ ಗೊತ್ತು, ಹೇಳುವ ಹಾಗಿಲ್ಲ. ಕಾರಣ ಹೇಳದೆ ಈ ಮನುಷ್ಯನನ್ನು ಎಬ್ಬಿಸುವುದು ಹೇಗೆ? ಅಯ್ಯನವರು ಬರುವ ಭಾನುವಾರದ ಉಪದೇಶ ಬರೆಯುತ್ತಾ ಕೂತಿದ್ದರು.

"ಏನು ಬರೀತಿದ್ದೀರಿ?"

"ದೀನತೆಯ ವಿಷಯ."

ಆಕೆ ಆ ಹಾಳೆಯನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಡಿಚಿ ಮೇಜಿನ ಕಾಲಿನ ಕೆಳಗೆ ಇಟ್ಟಳು. ಆ ಮೇಜು ಬಂದಾಗಿನಿಂದ ಅಲುಗುತ್ತಿತ್ತು.

"ಈಗ ಕೇಳಿ. ಅಜ್ಜಿ ಮುಂದೆ ಬಗ್ತೀರಿ, ಹಾಲಿನವನ ಮುಂದೆ ಬಗ್ತೀರಿ. ಅದರಲ್ಲೇನು ದೊಡ್ಡಸ್ತಿಕೆ? ಅವರು ನಿಮಗೆ ತಿರುಗಿ ಏನೂ ಅನ್ನೋಲ್ಲ. ಎಲ್ಲರೂ ಆಹಾ ಅಯ್ಯನವರು ಅಂತಾರೆ. ಬೈಯೋರ ಮುಂದೆ ಬಗ್ಗಿ ನೋಡೋಣ. ಹೋಗಿ, ಕ್ಷಮೆ ಕೇಳಿ."

"ಯಾಕೆ ಅಂತ ಹೇಳು, ಹೋಗ್ತೀನಿ. ನೀನು ಅವರ ಮನೆಗೆ ಹೋಗಿದ್ದೆ. ಏನೋ ಗೊತ್ತಾಗಿದೆ."

"ಗೊತ್ತಾಗಿದೆ. ಹೇಳೋಲ್ಲ. ಕಾರಣ ಗೊತ್ತಾದ್ರೆ ಅಯ್ಯೋ ಪಾಪ ಅಂದ್ಕೊಂಡು ಹೋಗ್ತೀರಿ. ನಿಮ್ಮ ಅಯ್ಯೋ ಪಾಪ ಅವರಿಗೆ ಬೇಡ. ಸುಮ್ನೆ ಹೋಗಿ."

ಅಯ್ಯನವರು ಒಂದು ದಿನ ಪೂರ್ತಿ ಮುಖ ಊದಿಸಿಕೊಂಡಿದ್ದರು. ತಾವೇ ಟೀ ಮಾಡಿಕೊಂಡು ಕುಡಿದರು, ಲೋಟ ತೊಳೆದಿಟ್ಟರು, ಅದನ್ನೂ ಸರಿಯಾಗಿ ತೊಳೆಯಲಿಲ್ಲ. ಶುಕ್ರವಾರ ಸಂಜೆ ಪ್ರಾರ್ಥನೆಗೆಂದು ಕೂತವರು ಆಮೆನ್ ಹೇಳದೆಯೇ ಎದ್ದರು. ಶನಿವಾರ ಬೆಳಗ್ಗೆ ಅಂಗಿಯ ಗುಂಡಿ ಮೇಲೆಕೆಳಗೆ ಹಾಕಿಕೊಂಡು, "ನೀನೂ ಬಾ," ಎಂದರು.

ದಾರಿಯುದ್ದಕ್ಕೂ ಆಕೆ ಹೇಳಿಕೊಟ್ಟಳು. "ಏನೂ ಎತ್ತಬೇಡಿ. ಏನೂ ಗುಡಿಸಬೇಡಿ. ಬೈಬಲ್ ವಚನ ಹೇಳಬೇಡಿ. ತಪ್ಪಾಯ್ತು ಅನ್ನಿ, ಬನ್ನಿ."

ಕಾರ್ಖಾನೆಯಲ್ಲಿ ಇಬ್ಬರು ಕೆಲಸಗಾರರು ಒಂದು ಬಾಗಿಲ ಚೌಕಟ್ಟಿಗೆ ಅಂಟು ಬಳಿದು, ಮೂಲೆ ಕೂಡಿಸಲು ಸಿದ್ಧವಾಗಿದ್ದರು. ಕೋಟಣ್ಣ ಕೋಟಿಲ್ಲದೆ, ಬನಿಯನ್ನಿನಲ್ಲಿ, ಹುಬ್ಬಿನ ತುಂಬಾ ಮರದ ಪುಡಿ ತುಂಬಿಕೊಂಡು ನಿಂತಿದ್ದ. ಅವನನ್ನು ಹಾಗೆ ಆಕೆ ಎಂದೂ ನೋಡಿರಲಿಲ್ಲ. ಹೆಗಲು ಒಂದು ಕಡೆ ಇಳಿದಿತ್ತು. ಬನ್ನಿ ಎನ್ನಲಿಲ್ಲ, ಕೂರಿ ಎನ್ನಲಿಲ್ಲ.

ಅಯ್ಯನವರು ಎರಡು ನಿಮಿಷ ನಿಂತರು. ಆಮೇಲೆ, ಅಯ್ಯೋ ದೇವರೇ, ಬಗ್ಗಿ ನೆಲದ ಮೇಲಿದ್ದ ಹಲಗೆ ಎತ್ತಿದರು.

"ಕೆಳಗಿಡಿ ಅದನ್ನ!" ಎಂದು ಕೋಟಣ್ಣ ಅಬ್ಬರಿಸಿದ. "ಅಳತೆ ಗುರುತು ಮಾಡಿ ಸಾಲಾಗಿ ಇಟ್ಟಿದ್ದೀನಿ. ನಿಮ್ಮ ದೀನತೆ ನನ್ನ ಅರ್ಧ ದಿನದ ಕೆಲಸ ಹಾಳುಮಾಡುತ್ತೆ."

ಅಯ್ಯನವರು ಇಟ್ಟರು. "ಕ್ಷಮಿಸಿ ಹಿರಿಯರೇ."

"ಬಾಗಿಲಿಗೂ ಕ್ಷಮಿಸಿ ಅಂತೀರಂತೆ ನೀವು. ಊರೆಲ್ಲ ಹೇಳ್ತಾರೆ. ಇಲ್ಲಿ ಇಪ್ಪತ್ತು ಬಾಗಿಲಿದೆ, ಎಲ್ಲಕ್ಕೂ ಒಂದೊಂದು ಹೇಳಿ ಹೋಗಿ. ಅದೇ ಕ್ಷಮಿಸಿ ನಂಗೂ ಆಗುತ್ತಾ?"

ಕೆಲಸಗಾರರು ತಲೆ ತಗ್ಗಿಸಿ ನಕ್ಕರು. ಬಾಗಿಲ ಹತ್ತಿರ ನಿಂತಿದ್ದ ಆಕೆ ಸೆರಗಿನ ತುದಿಯನ್ನು ಹಿಂಡಿದಳು. ಅಯ್ಯನವರ ಕಿವಿ ಕೆಂಪಾಗಿತ್ತು. ಇನ್ನೇನು ತಿರುಗಿ ಬರುತ್ತಾರೆ, ಇನ್ನೇನು ಗೋಣಿಚೀಲ ಹುಡುಕಬೇಕು ಎಂದುಕೊಂಡಳು.

ಅಯ್ಯನವರು ತಿರುಗಲಿಲ್ಲ. ಕೈ ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಬೆನ್ನಹಿಂದೆ ಕಟ್ಟಿಕೊಂಡರು. "ನಿಮಗೆ ಮೊದಲೇ ಹೇಳ್ಬೇಕಿತ್ತು. ಹೇಳಿದ್ರೆ ಜಗಳ ಆಡ್ತೀರಿ ಅಂತ ಹೆದರ್ಕೊಂಡೆ. ಹೆದರಿಕೇನ ಒಳ್ಳೇತನ ಅಂದ್ಕೊಂಡೆ. ಅಲ್ಲಿ ಮೈಕಲ್ಲಿ ಹೇಳ್ವಾಗ... ಅಜ್ಜಿ ಬಗ್ಗೆ ಯೋಚಿಸ್ತಿರಲಿಲ್ಲ ನಾನು. ಜನ ನನ್ನ ಬಗ್ಗೆ ಏನಂತಾರೆ ಅಂತ ಯೋಚಿಸ್ತಿದ್ದೆ."

ಇದನ್ನು ಆಕೆ ಹೇಳಿಕೊಟ್ಟಿರಲಿಲ್ಲ.

ಕೋಟಣ್ಣ ಉಳಿಯ ತುದಿಯನ್ನು ಬೆರಳಲ್ಲಿ ಸವರುತ್ತಾ, "ಹತ್ತು ದಿನ ತಯಾರಿ ಮಾಡಿದ್ದೆ ಆ ಪ್ರಾರ್ಥನೆ," ಎಂದ. ದನಿ ಸಣ್ಣದಾಗಿತ್ತು.

"ಬರೆದಿಟ್ಟಿದ್ರೆ ಕೊಡಿ, ನಾಳೆ..." ಎಂದರು ಅಯ್ಯನವರು.

ಆಕೆ ಕಣ್ಣು ಮುಚ್ಚಿಕೊಂಡಳು. ಮುಗಿಯಿತು, ಕೈಗೆ ಬಂದದ್ದನ್ನು ಚೆಲ್ಲಿದರು.

"ಬರೆದಿಟ್ಟಿಲ್ಲ," ಎಂದ ಕೋಟಣ್ಣ. ಬಾಗಿಲು ಮುಚ್ಚಿದಂಥ ಮಾತು.

ಅಯ್ಯನವರಿಗೆ ಏನು ಹೊಳೆಯಿತೋ, ಏನೂ ಹೊಳೆಯಲಿಲ್ಲವೋ. ಇನ್ನೊಂದು ಪ್ರಶ್ನೆಗೆಂದು ತೆರೆದ ಬಾಯಿಯನ್ನು ಮುಚ್ಚಿದರು. ಆಮೇಲೆ, "ಈಗ ಮಾಡ್ತೀರಾ? ಕೇಳ್ಬೇಕು ಅಂತಿದೆ," ಎಂದರು.

ಕೋಟಣ್ಣ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗೂಟದ ಮೇಲಿದ್ದ ಕೋಟನ್ನು ತೆಗೆದು ಬನಿಯನ್ನಿನ ಮೇಲೆಯೇ ಹಾಕಿಕೊಂಡ. ಗುಂಡಿ ಹಾಕಿಕೊಂಡ. ಕೆಲಸಗಾರರು ಯಂತ್ರ ನಿಲ್ಲಿಸಿದರು. ಅಯ್ಯನವರು ಮರದ ಪುಡಿಯ ಮೇಲೆ ಮಂಡಿಯೂರಿದರು.

ಎಂಥ ಪ್ರಾರ್ಥನೆ! ಅಡಿಪಾಯದಿಂದ ಶುರುವಾಯಿತು. ಸುಣ್ಣ ಕೊಟ್ಟವರು, ಮರ ಕೊಟ್ಟವರು, ನೀರು ಹೊತ್ತವರು, ಇಟ್ಟಿಗೆ ಹೊತ್ತ ಹೆಂಗಸರು, ಯಾರನ್ನೂ ಬಿಡಲಿಲ್ಲ. ಒಂದು ಕಡೆ ತಡವರಿಸಿದ, ಹಿಂದಿನ ಸಾಲಿಗೆ ಹೋಗಿ ಮತ್ತೆ ಹಿಡಿದುಕೊಂಡು ಬಂದ. ಹತ್ತು ನಿಮಿಷವೆಂದು ಅವನ ಹೆಂಡತಿ ಹೇಳಿದ್ದಳು, ಇಪ್ಪತ್ತಾಯಿತು. ಮಂಡಿಯೂರಿದ್ದ ಅಯ್ಯನವರು ಒಮ್ಮೆಯೂ ಅಲುಗಲಿಲ್ಲ, ಮಧ್ಯೆ ಆಮೆನ್ ಎನ್ನಲಿಲ್ಲ. ಕೇಳುವುದನ್ನು ಬಿಟ್ಟು ಬೇರೇನೂ ಮಾಡದೆ ಆ ಮನುಷ್ಯ ಇಷ್ಟು ಹೊತ್ತು ಇದ್ದದ್ದನ್ನು ಆಕೆ ಕಂಡಿರಲಿಲ್ಲ. ಆಮೆನ್ ಆಗುವಷ್ಟರಲ್ಲಿ ಬಳಿದ ಅಂಟೆಲ್ಲ ಕೂಡಿಸುವ ಮೊದಲೇ ಒಣಗಿಹೋಗಿತ್ತು.

"ನೋಡಿ, ಚೌಕಟ್ಟು ಹಾಳಾಯ್ತು," ಎಂದ ಕೋಟಣ್ಣ, ಕಣ್ಣೊರೆಸಿಕೊಳ್ಳುತ್ತಾ. "ಹೋಗಿ ಅಯ್ಯನವರೇ. ನಮಗೆ ಕೆಲಸ ಇದೆ."

ಕಾಗದದ ವಿಷಯ ಒಂದು ಮಾತೂ ಇಲ್ಲ. ಭಾನುವಾರ ಮೊದಲ ಸಾಲಿನಲ್ಲಿ ಬಂದು ಕೂತ, ಆಗಲೂ ಇಲ್ಲ. ಆಕೆಗೆ ಎರಡು ರಾತ್ರಿ ರೆಪ್ಪೆಗೆ ರೆಪ್ಪೆ ಅಂಟಲಿಲ್ಲ. ಅಯ್ಯನವರು ಮಾತ್ರ ಮಗುವಿನ ಹಾಗೆ ಮಲಗಿದರು. ಅದನ್ನು ನೋಡಿ ಆಕೆಗೆ ಇನ್ನಷ್ಟು ಸಿಟ್ಟು.

ಸೋಮವಾರ ಹನ್ನೊಂದರ ಹೊತ್ತಿಗೆ ಕೋಟಣ್ಣನ ಹೆಂಡತಿ ಏದುಸಿರು ಬಿಡುತ್ತಾ ಬಂದಳು. ಕೈಯಲ್ಲಿ ಅಂಟಿಸದ ಲಕೋಟೆ.

"ಮೊದಲಿಂದು ಹರಿದ್ರು. ರಾತ್ರಿಯೆಲ್ಲ ಹೊಸದು ಬರೆಸಿದ್ರು. ಓದಿ ತಂಗಿ, ನಂಗಂತೂ ಕೈ ಸೋತುಹೋಗಿದೆ."

ಆಕೆ ಗಟ್ಟಿಯಾಗಿ ಓದಿದಳು. 'ಈ ಅಯ್ಯನವರಿಗೆ ಗಾಂಭೀರ್ಯ ಸಾಲದು. ಮೈಕಿನಲ್ಲಿ ಏನು ಮಾತನಾಡಬೇಕೆಂಬುದು ತಿಳಿಯದು. ಬೇರೆಯವರ ಕೆಲಸಕ್ಕೆ ಕೈ ಹಾಕಿ ಕೆಡಿಸುತ್ತಾರೆ. ಆದರೂ ಇವರನ್ನು ಇನ್ನು ಮೂರು ವರ್ಷ ಇಲ್ಲಿಯೇ ಬಿಡಬೇಕಾಗಿ ಬೇಡುತ್ತೇನೆ. ಬೈಸಿಕೊಳ್ಳುವುದನ್ನು ಇವರು ಈಗಷ್ಟೇ ಕಲಿಯುತ್ತಿದ್ದಾರೆ. ಅರ್ಧಕ್ಕೆ ಕಳಿಸಿದರೆ ಮುಂದಿನ ಚರ್ಚಿನವರಿಗೆ ತೊಂದರೆ.' ಕೆಳಗೆ ಹಲಗೆಯ ಮೇಲೆ ಕೆತ್ತಿದಂಥ ದೊಡ್ಡ ಸಹಿ.

ಆಕೆ ಕುರ್ಚಿಯಲ್ಲಿ ಕುಸಿದಳು. ಅಷ್ಟರಲ್ಲಿ ಒಳಗಿನಿಂದ ಅಯ್ಯನವರು ಬಂದು ಕಾಗದ ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಓದಿದರು. ಮುಖ ಗಂಭೀರವಾಯಿತು.

"ಸರಿಯಾಗೇ ಇದೆ. ಆದ್ರೆ ಒಂದು ಬಿಟ್ಟುಹೋಗಿದೆ. ಅಜ್ಜಿ ಬೇಡ ಅಂದ್ರೂ ಕೇಳದೆ ಅವರನ್ನ ಎಳೆದು ತಂದೆನಲ್ಲ. ಬಿಷಪ್ಪರಿಗೆ ಅದೂ ಗೊತ್ತಿರ್ಲಿ. ಕೆಳಗೆ ಒಂದು ಸಾಲು ನಾನೇ ಸೇರಿಸ್ತೀನಿ, ಆ ಪೆನ್ನು ಕೊಡಿ..."

"ಕೈ ತೆಗೀರಿ!" ಎಂದು ಹೆಂಗಸರಿಬ್ಬರೂ ಒಟ್ಟಿಗೆ ಕೂಗಿದರು.

ಕಾಗದ ಕಿತ್ತುಕೊಂಡು, ಲಕೋಟೆಗೆ ತುರುಕಿ, ಅಂಟು ಹುಡುಕುವ ತಾಳ್ಮೆಯೂ ಇಲ್ಲದೆ ಒಗ್ಗರಣೆಯ ಪಕ್ಕದಲ್ಲಿದ್ದ ಅನ್ನದ ಅಗುಳು ಹಚ್ಚಿ ಅಂಟಿಸಿ, ಅಯ್ಯನವರ ಹೆಂಡತಿ ಒಲೆ ಆರಿಸಿದಳೋ ಇಲ್ಲವೋ ಬೀದಿಗಿಳಿದಳು. ಹಿಂದೆ ಕೋಟಣ್ಣನ ಹೆಂಡತಿ. ಗೇಟಿನ ಹತ್ತಿರ ಅಯ್ಯನವರು, "ಒಂದೇ ಸಾಲು, ಚಿಕ್ಕದು," ಎಂದು ಕೂಗುತ್ತಿದ್ದರು.

"ತಿರುಗಿ ನೋಡ್ಬೇಡಿ ಅಕ್ಕಾ," ಎಂದಳು ಆಕೆ. "ನೋಡಿದ್ರೆ ಬಂದ್ಬಿಡ್ತಾರೆ."

ಮಂಡಿ ನೋವನ್ನೂ ಮರೆತು ಇಬ್ಬರೂ ಮೂಲೆ ತಿರುಗಿದರು. ಅಂಚೆಡಬ್ಬದ ಬಾಯಿಗೆ ಲಕೋಟೆ ಹಾಕಿದ ಮೇಲೂ ಆಕೆ, ಅದು ಒಳಗೆ ತಳಕ್ಕೆ ಬಿದ್ದ ಸದ್ದು ಕೇಳುವವರೆಗೆ, ಆ ಬಾಯಿಗೆ ಅಂಗೈ ಅಡ್ಡ ಹಿಡಿದೇ ನಿಂತಿದ್ದಳು.